ಹೆಸರಿನ ಸಾಲ

ನಾನು ಪಿಎಚ್‌ಡಿ ಮಾಡುತ್ತಿರುವ ಅಮೆರಿಕದ ಈ ಸಣ್ಣ ಊರಿನಲ್ಲಿ ಒಂದು ಚೈನೀಸ್ ಬಫೆ ಇದೆ. ಕಳೆದ ವರ್ಷ ಒಂದು ಭಾನುವಾರ ಅಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದೆ. ಮರುದಿನ ಹೊಟ್ಟೆ ಕೆಟ್ಟಿತು. ಆಗಷ್ಟೇ ಬೆಂಗಳೂರಿನಿಂದ ಬಂದಿದ್ದ ಜೂನಿಯರ್‌ಗೆ, “ಆ ಕಡೆ ಹೋಗ್ಬೇಡ ಮಾರಾಯ, ಚೈನೀಸ್ ಬಫೆ ಅಂದ್ರೆ ಗೊತ್ತಲ್ಲ” ಎಂದೆ. ಅವನಿಗೆ ಗೊತ್ತಿತ್ತು! ಬಂದು ಮೂರು ವಾರ ಆಗಿರಲಿಲ್ಲ, ಯಾವ ಬಫೆಗೂ ಕಾಲಿಟ್ಟಿರಲಿಲ್ಲ. ಬೇರೆಯವರ ಮಾತನ್ನು ಯಾವಾಗ ನಂಬಬಹುದು ಎನ್ನುವುದೇ ನನ್ನ ಸಂಶೋಧನೆಯ ವಿಷಯ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

‘ಚೈನಾ ಬಫೆ’, ‘ಕಿಂಗ್ ಬಫೆ’ ಎಂಬ ಫಲಕಗಳು ಇಲ್ಲಿ ಊರೂರಲ್ಲೂ ಕಾಣುತ್ತವೆ. ಒಳಗೆ ಅದೇ ಆರೆಂಜ್ ಚಿಕನ್, ಅದೇ ಲೋ ಮೇನ್. ನೋಡಿದವರು ಒಂದೇ ಕಂಪನಿಯ ಚೈನ್ ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಕಡೆ ಮಾಲೀಕರು ಬೇರೆ, ಅಡುಗೆಯವರು ಬೇರೆ, ಒಬ್ಬರಿಗೊಬ್ಬರ ಮುಖಪರಿಚಯವೂ ಇಲ್ಲ. ನಮ್ಮ ಉಡುಪಿ ಹೋಟೆಲುಗಳ ಹಾಗೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಬಾಗಿಲ ಮೇಲೆ ‘ಉಡುಪಿ’ ಎಂದು ಬರೆದರೆ ಸಾಕು, ಶುಚಿ-ರುಚಿಯ ಮೇಲಿನ ನಂಬಿಕೆ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ಗಳಿಸಿಕೊಟ್ಟವರು ಯಾರೋ ಹಿಂದಿನವರು. ಚೈನೀಸ್ ಬಫೆಯವನಿಗೆ ಸಿಗುವುದು ಯಾರೋ ಮಾಡಿಟ್ಟ ಸಾಲ.

ಆ ಸಾಲದ ಒಂದು ಕಂತಿಗೆ ತಾರೀಖೂ ಇದೆ. 1968ರ ಏಪ್ರಿಲ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ವೈದ್ಯ ರಾಬರ್ಟ್ ಹೋ ಮನ್ ಕ್ವಾಕ್ ಅವರ ಪತ್ರವೊಂದನ್ನು ಅಚ್ಚುಹಾಕಿತು. ಚೈನೀಸ್ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆಯ ಹಿಂಭಾಗ ಜೋಮು ಹಿಡಿಯುತ್ತದೆ, ಎದೆ ಡವಗುಟ್ಟುತ್ತದೆ. ಸೋಯಾ ಸಾಸೋ, ಅಡುಗೆಯ ವೈನೋ, ಟೇಸ್ಟಿಂಗ್ ಪೌಡರೋ, ಉಪ್ಪೋ ಕಾರಣವಿರಬಹುದು ಎಂದು ಅವರು ಕೇಳಿದ್ದರು. ಕೇಳಿದ್ದು ಪ್ರಶ್ನೆ. ಉಳಿದದ್ದು ಮಾತ್ರ ತಲೆಬರಹ: ‘ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್’. ಕಿಕುನೆ ಇಕೆದಾ ಎಂಬ ಜಪಾನಿ ವಿಜ್ಞಾನಿ 1908ರಲ್ಲಿ ಕಡಲಪಾಚಿಯಿಂದ ಬೇರ್ಪಡಿಸಿದ ಗ್ಲುಟಮೇಟ್ ಟೊಮೆಟೊದಲ್ಲೂ ಇದೆ, ಪರ್ಮೆಸಾನ್ ಚೀಸ್‌ನಲ್ಲೂ ಇದೆ. ಆದರೂ ಪಿಜ್ಜಾ ತಿಂದು ಕುತ್ತಿಗೆ ಹಿಡಿದುಕೊಂಡವರನ್ನು ನಾನು ಕಂಡಿಲ್ಲ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಆ ಪದದ ವಿವರಣೆಯನ್ನು ತಿದ್ದಿದ್ದು 2020ರಲ್ಲಿ.

ಹಾಗಂತ ಬಫೆಗಳೆಲ್ಲ ಶುದ್ಧ ಎಂದು ನಾನು ವಾದಿಸುತ್ತಿಲ್ಲ. ಗಂಟೆಗಟ್ಟಲೆ ತೆರೆದಿಟ್ಟ ಊಟ ಸಾಕಷ್ಟು ಬಿಸಿಯಾಗಿಲ್ಲದಿದ್ದರೆ ಕೆಡುತ್ತದೆ. ಅದಕ್ಕೆ ಜಾತಿ-ದೇಶಗಳ ಹಂಗಿಲ್ಲ. ಎಚ್ಚರಿಕೆ ಹೇಳುವುದೂ ಸ್ನೇಹವೇ. ನನ್ನನ್ನು ಚುಚ್ಚಿದ್ದು ಬೇರೆ. ಆರೋಗ್ಯ ಇಲಾಖೆಯ ತಪಾಸಣಾ ವರದಿ ಯಾರು ಬೇಕಾದರೂ ಓದುವ ಹಾಗೆ ಇತ್ತು. ನಾನು ಓದಿದ್ದು ಆರು ತಿಂಗಳ ನಂತರ. ಡಬ್ಬಿಗಳ ಮೇಲೆ ತಾರೀಖು ಬರೆದಿಲ್ಲ ಎಂಬುದೊಂದೇ ಅದರಲ್ಲಿದ್ದ ದೂರು. ಅದೇ ಭಾನುವಾರ ರಾತ್ರಿ, ಬೆಳಗ್ಗೆಯಿಂದ ಒಲೆಯ ಮೇಲೇ ಇದ್ದ ಅನ್ನಕ್ಕೆ ಐದು ದಿನದ ಸಾಂಬಾರು ಕಲಸಿ ತಿಂದದ್ದೂ ಆಗ ನೆನಪಾಯಿತು. ನನ್ನ ಅಡುಗೆಮನೆಯ ಮೇಲೆ ನನಗೆ ಅನುಮಾನ ಬಂದೇ ಇರಲಿಲ್ಲ.

ಜೂನಿಯರ್‌ಗೆ ಎಲ್ಲ ಹೇಳಿ, “ನಾನು ಅವತ್ತು ಹಾಗೆ ಹೇಳಿದ್ದು ತಪ್ಪು” ಎಂದೆ. ಅವನು ನಕ್ಕ. “ಇರ್ಲಿ ಬಿಡಿ, ಆದ್ರೂ ಯಾಕೆ ರಿಸ್ಕು?” ಅಂದ. ಈ ಸಲ ಹೊಸದಾಗಿ ಬಂದ ಇಬ್ಬರಿಗೆ ಆ ಬಫೆಯ ಬಗ್ಗೆ ಅವನು ಆಗಲೇ ಹೇಳಿಯಾಗಿತ್ತು.