ಬ್ರೆಡ್ಡು, ಜ್ಯಾಮು ಮತ್ತು ಹಕ್ಕು

1970ರ ದಶಕ. ಅಮೆರಿಕದ ಇಲಿನಾಯ್ ರಾಜ್ಯದ ಶಾಸನಸಭೆಗೆ ಗೃಹಿಣಿಯರು ಮನೆಯಲ್ಲೇ ಮಾಡಿದ ಬ್ರೆಡ್ಡು, ಜ್ಯಾಮು ಹಿಡ್ಕೊಂಡು ಹೋಗ್ತಿದ್ರು. ಅದನ್ನ ಶಾಸಕರ ಕೈಗಿಟ್ಟು ಕೇಳ್ತಿದ್ದದ್ದು ಒಂದೇ: ಗಂಡು-ಹೆಣ್ಣಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಗೆ ದಯವಿಟ್ಟು ಒಪ್ಪಬೇಡಿ! ಹೌದು, ಕೇಳಿದ್ದು ಹೆಂಗಸರೇ.

ಅವರ ನಾಯಕಿ ಫಿಲಿಸ್ ಶ್ಲಾಫ್ಲಿ, ಆರು ಮಕ್ಕಳ ತಾಯಿ. 1972ರಲ್ಲಿ ಅಮೆರಿಕದ ಸಂಸತ್ತು ಪಾಸು ಮಾಡಿದ ಆ ತಿದ್ದುಪಡಿಗೆ 38 ರಾಜ್ಯಗಳ ಒಪ್ಪಿಗೆ ಬೇಕಿತ್ತು. ಲೆಕ್ಕ 35ಕ್ಕೇ ನಿಂತಿತು. 1982ರಲ್ಲಿ ಗಡುವೂ ಮುಗೀತು.

ಇದನ್ನ ಕೇಳಿದ ತಕ್ಷಣ ನಮ್ಮಂಥವರ ಬಾಯಲ್ಲಿ ಬರೋದು, ‘ಪಾಪ, ಯಾರೋ ಗಂಡಸರು ಇವರನ್ನ ಬಳಸ್ಕೊಂಡಿದ್ದಾರೆ’ ಅನ್ನೋ ಮಾತು. ಈ ಅನುಕಂಪದಲ್ಲಿ ಒಂದು ಅವಮಾನ ಇದೆ. ಹೆಣ್ಣು ನಮ್ಮ ಹಾಗೆ ಯೋಚಿಸಿದ್ರೆ ಅದು ಸ್ವಂತ ಬುದ್ಧಿ, ಬೇರೆ ಥರ ಯೋಚಿಸಿದ್ರೆ ಯಾರೋ ಹೇಳಿಕೊಟ್ಟ ಪಾಠ ಅಂದಹಾಗಾಯ್ತು.

ಅವರ ಲೆಕ್ಕಾಚಾರ ನೋಡಿ. ಇಪ್ಪತ್ತಕ್ಕೆ ಮದುವೆಯಾಗಿ, ಮನೆ-ಮಕ್ಕಳು ಅಂತಲೇ ಐವತ್ತು ದಾಟಿದವಳಿಗೆ ಕೈಯಲ್ಲಿ ಉದ್ಯೋಗ ಇಲ್ಲ. ಹೆಂಡತಿಯನ್ನು ಸಾಕುವುದು ಗಂಡನ ಹೊಣೆ ಅನ್ನೋ ಕಾನೂನೇ ಅವಳ ಪಿಎಫ್ಫು. ಸಮಾನತೆ ಬಂದ್ರೆ ಅದೂ ಹೋಗುತ್ತೆ, ಮಗಳನ್ನೂ ಕಡ್ಡಾಯವಾಗಿ ಸೇನೆಗೆ ಕರೀತಾರೆ ಅಂತ ಭಯ. ಆ ಭಯ ಎಷ್ಟು ನಿಜ ಅಂತ ವಾದ ಮಾಡಬಹುದು. ದಡ್ಡತನ ಅಂತ ತಳ್ಳಿಹಾಕೋಕಾಗಲ್ಲ.

ಹಾಗಂತ ಅವರು ಮಾಡಿದ್ದು ಸರಿ ಅಂತಲ್ಲ. ನನ್ನ ಹಕ್ಕು ನನಗೆ ಬೇಡ ಅನ್ನೋ ಸ್ವಾತಂತ್ರ್ಯ ನನಗಿದೆ. ಪಕ್ಕದ ಮನೆಯವಳ ಹಕ್ಕೂ ಬೇಡ ಅನ್ನೋಕೆ? ಸಾಕುವ ಗಂಡ ಇದ್ದವಳು ಉಳಿಸಿಕೊಂಡ ಸವಲತ್ತಿಗೆ, ಒಬ್ಬಳೇ ದುಡಿದು ಮಕ್ಕಳನ್ನ ಸಾಕ್ತಿದ್ದವಳೂ ಬೆಲೆ ತೆರಬೇಕಾಯ್ತು. ಶಾಸಕರ ಮೇಜಿನ ಮೇಲೆ ಅವಳ ಬ್ರೆಡ್ಡು ಇರಲಿಲ್ಲ. ಕೆಲಸದ ದಿನ ರಾಜಧಾನಿಗೆ ಹೋಗಿ ಕೂರೋ ಬಿಡುವು ಅವಳಿಗೆಲ್ಲಿತ್ತು?

ಸ್ವಯಂಸೇವೆಯ ವಿಷಯದಲ್ಲಿ ನನ್ನನ್ನ ಕಾಡೋದು ಇದೇ. ಪಕ್ಷ ಯಾವುದಾದ್ರೂ ಸರಿ, ಬಿಡುವಿದ್ದವರ ದನಿಯೇ ಜೋರಾಗಿ ಕೇಳುತ್ತೆ. ನಮಗೆ ಒಪ್ಪಿಗೆಯಿಲ್ಲದ ಪಕ್ಷದ ಕರಪತ್ರ ಹಿಡಿದು ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದ್ರೆ, ‘ನಿಮ್ಮನ್ನ ಯಾರು ಕಳಿಸಿದ್ದು?’ ಅನ್ನೋದು ಬೇಡ. ‘ನಿಮಗೆ ಏನು ಕಳ್ಕೊಳ್ಳೋ ಭಯ?’ ಅಂತ ಕೇಳೋಣ. ಆಮೇಲೆ, ‘ನೀವು ಗೆದ್ರೆ ಕಳ್ಕೊಳ್ಳೋರು ಯಾರು?’ ಅಂತಲೂ ಕೇಳೋಣ. ಅದೇ ಪ್ರಶ್ನೆಯನ್ನ ಅವರು ತಿರುಗಿಸಿ ನಮಗೆ ಕೇಳಿದ್ರೆ, ಉತ್ತರ ರೆಡಿ ಇದೆಯಾ?