ತಿಳಿದು ಬಿಟ್ಟ ಸಂದು

ಒಬ್ಬರೇ ಕೂತು ವಿಡಿಯೋ ಗೇಮ್ ಮಾಡಲು ಕಲಿಯುವವರು ಹಲವರು ‘ಪಾಂಗ್’ನಿಂದ ಶುರುಮಾಡುತ್ತಾರೆ: ಎರಡು ಪಟ್ಟಿ, ಒಂದು ಚೆಂಡು. 1972ರಲ್ಲಿ ಅಟಾರಿಯ ಎಂಜಿನಿಯರ್ ಆಲನ್ ಆಲ್ಕಾರ್ನ್‌ಗೂ ಅದು ಅಭ್ಯಾಸಕ್ಕೆಂದು ಕೊಟ್ಟ ಕೆಲಸವೇ ಆಗಿತ್ತು. ಸರ್ಕ್ಯೂಟಿನ ದೋಷದಿಂದ ಪಟ್ಟಿಗಳು ಪರದೆಯ ಮೇಲ್ತುದಿ ಮುಟ್ಟುತ್ತಿರಲಿಲ್ಲ. ಆ ಸಂದು ಇದ್ದರೆ ನುರಿತ ಇಬ್ಬರ ಆಟವೂ ಕೊನೆಗೊಮ್ಮೆ ಮುಗಿಯುತ್ತದೆಂದು ಕಂಡ ಆಲ್ಕಾರ್ನ್ ಅದನ್ನು ತಿದ್ದದೆ ಬಿಟ್ಟರು.

ಈಗ ಕಲಿಯುವವರೊಬ್ಬರು ಪಾಠದ ವಿಡಿಯೋ ನೋಡಿ ಸಾಲುಸಾಲಾಗಿ ಕೋಡ್ ಬರೆದರೆಂದುಕೊಳ್ಳಿ. ಅಲ್ಲೂ ಇಂಥದೇ ಸಂದು ಉಳಿಯಿತು. ಪರದೆಯ ಮೇಲೆ ಎರಡೂ ಒಂದೇ. ಆದರೆ ಒಂದು ತಿಳಿದು ಬಿಟ್ಟದ್ದು, ಇನ್ನೊಂದು ತಿಳಿಯದೆ ಉಳಿದದ್ದು. ಈ ವ್ಯತ್ಯಾಸವನ್ನು ನಾನು ನೈತಿಕವೆನ್ನುತ್ತೇನೆ. ಗೇಮಿನ ಪ್ರತಿ ನಿಯಮವೂ ಇನ್ನೊಬ್ಬರ ಸಮಯವನ್ನು, ಸೋಲನ್ನು ನಿರ್ಧರಿಸುತ್ತದೆ. ‘ನಾನೇಕೆ ಸೋತೆ?’ ಎಂದು ಆಡಿದವರು ಕೇಳಿದರೆ ‘ವಿಡಿಯೋದಲ್ಲಿ ಹಾಗಿತ್ತು’ ಎನ್ನುವುದು ಉತ್ತರವಾಗದು. ತಂಡವಿದ್ದರೆ ಬೇರೆಯವರತ್ತ ಬೆರಳು ತೋರಿಸಬಹುದು. ಒಬ್ಬರೇ ಮಾಡಿದಾಗ ಅದೂ ಇಲ್ಲ.

ಹಾಗಾದರೆ ನಕಲು ತಪ್ಪೇ? ಖಂಡಿತ ಅಲ್ಲ, ಕಲಿಕೆ ಅಲ್ಲಿಂದಲೇ ಶುರು. ನಕಲು ಮಾಡಿದ ಗೇಮಿನಲ್ಲಿ ಚೆಂಡಿನ ವೇಗವನ್ನೋ ಪಟ್ಟಿಯ ಉದ್ದವನ್ನೋ ಬದಲಿಸಿ ಗೆಳೆಯರ ಕೈಗೆ ಕೊಡಬೇಕು. ಅವರ ಸೋಲಿಗೆ ಕಾರಣ ಹೇಳಬಲ್ಲೆವಾದರೆ, ಅಷ್ಟರಮಟ್ಟಿಗೆ ಆ ಗೇಮ್ ನಮ್ಮದು.