ಮೂತ್ರದ ಮಾತ್ರೆಯ ಹೊತ್ತು

ಧರ್ಮಸ್ಥಳಕ್ಕೋ ನೆಂಟರ ಮದುವೆಗೋ ಬಸ್ಸಿನಲ್ಲಿ ಹೊರಟ ದಿನ ನಮ್ಮ ಎಷ್ಟೋ ಹೆಂಗಸರು ಬೆಳಗಿನ ಒಂದು ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಶುಗರ್ ಮಾತ್ರೆ ತಪ್ಪಿಸುವುದಿಲ್ಲ, ಬಿಪಿ ಮಾತ್ರೆಯೂ ತಪ್ಪುವುದಿಲ್ಲ. ಬಿಡುವುದು ಮೂತ್ರದ ಮಾತ್ರೆಯನ್ನು. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ, ಸಿಕ್ಕರೂ ಒಳಗೆ ಕಾಲಿಡುವಂತಿರುತ್ತದೋ ಇಲ್ಲವೋ ಎಂಬ ಭಯ. ಡಾಕ್ಟರ ಮುಂದೆ ಇದನ್ನು ಹೇಳಲು ಸಂಕೋಚ.

ಅವರ ಲೆಕ್ಕಾಚಾರ ಸರಿಯಾಗಿಯೇ ಇದೆ. ಲ್ಯಾಸಿಕ್ಸ್ ಎಂದೇ ಎಲ್ಲರಿಗೂ ಗೊತ್ತಿರುವ ಫ್ಯುರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡುತ್ತದೆ. ಮೂತ್ರಪಿಂಡ ಸೋಸಿದ ಉಪ್ಪು ಮತ್ತೆ ರಕ್ತಕ್ಕೆ ಸೇರದಂತೆ ಅದು ತಡೆಯುತ್ತದೆ. ಉಪ್ಪು ಹೋದಲ್ಲಿಗೆ ನೀರೂ ಹೋಗುತ್ತದೆ. ಮೊದಲ ಎರಡು ಗಂಟೆ ಅವಸರ ಹೆಚ್ಚು, ಆರೆಂಟು ಗಂಟೆಯವರೆಗೂ ಪ್ರಭಾವ ಇರುತ್ತದೆ. ಆದರೆ ಹೃದಯದ ಬಲ ಕುಂದಿದವರು ಒಂದೆರಡು ದಿನ ಅಂತ ಬಿಡುತ್ತಾ ಹೋದರೆ ಕಾಲು ಬಾತುಕೊಳ್ಳುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತದೆ.

ಮಾತ್ರೆ ಬರೆಯುವವರು ಡಾಕ್ಟರು. ಅದು ಆ ಮೈಯಲ್ಲಿ, ಆ ದಿನ ಏನು ಮಾಡಿತು ಎಂದು ಕಂಡುಕೊಳ್ಳುವವರು ನರ್ಸ್. ನನಗೆ ಆ ವೃತ್ತಿಯ ಮೇಲೆ ಗೌರವ ಹೆಚ್ಚುವುದು ಇಲ್ಲಿಯೇ. ದಿನಕ್ಕೆ ಎರಡು ಸಲ ಕೊಡಬೇಕಾದ ಲ್ಯಾಸಿಕ್ಸ್‌ನ ಎರಡನೆಯದನ್ನು ಅನುಭವಿ ಸಿಸ್ಟರ್ ಮಧ್ಯಾಹ್ನವೇ ಮುಗಿಸುತ್ತಾರೆ. ಸಂಜೆಗೆ ತಳ್ಳಿದರೆ ಅಜ್ಜಿ ನಡುರಾತ್ರಿ ಒಂದಕ್ಕೆಂದು ಎದ್ದು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾರು ಎಂಬುದು ಅವರಿಗೆ ಗೊತ್ತು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡುತ್ತಾರೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ಹೇಳುತ್ತಾರೆ. ಪ್ರತಿದಿನ ಬೆಳಿಗ್ಗೆ ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡುತ್ತಾರೆ. ರಾತ್ರಿ ಕಳೆಯುವುದರೊಳಗೆ ಒಂದು ಕಿಲೋ ಏರಿದ್ದರೆ ಅದು ಊಟದ ಫಲವಲ್ಲ, ಹೆಚ್ಚುಕಡಿಮೆ ಒಂದು ಲೀಟರ್ ನೀರು ಮೈಯಲ್ಲಿ ನಿಂತಿದೆ ಎಂದೇ ಅರ್ಥ. ಈ ಕೆಲಸಕ್ಕೆ ಬೇಕಾದದ್ದು ಒಂದು ತಕ್ಕಡಿ ಮತ್ತು ಒಂದು ನೋಟ್‌ಬುಕ್. ಪ್ರತಿ ಮನೆಯಲ್ಲೂ ಮಾಡಬಹುದು.

ಪೊಟ್ಯಾಷಿಯಂ ವಿಷಯ ಸ್ವಲ್ಪ ಸೂಕ್ಷ್ಮ. ಲ್ಯಾಸಿಕ್ಸ್ ಅದನ್ನು ಮೂತ್ರದೊಂದಿಗೆ ಹೊರಹಾಕುತ್ತದೆ. ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ಸುಸ್ತು, ಎದೆಬಡಿತ ತಪ್ಪುವುದು ಆಗಬಹುದು. ಸ್ಪೈರನೊಲ್ಯಾಕ್ಟೋನ್ ಎಂಬ ಇನ್ನೊಂದು ಮೂತ್ರದ ಮಾತ್ರೆ ಇದಕ್ಕೆ ತದ್ವಿರುದ್ಧ, ಪೊಟ್ಯಾಷಿಯಂ ಉಳಿಸಿಕೊಳ್ಳುತ್ತದೆ. ಅದರ ಜೊತೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಇದ್ದರೆ ಮಟ್ಟ ಇನ್ನೂ ಏರಬಹುದು. ಕಾಯಿಲೆ ಬಿದ್ದವರನ್ನು ನೋಡಲು ಹೋಗುವಾಗ ನಾವು ಪ್ರೀತಿಯಿಂದ ಒಯ್ಯುವ ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಷಿಯಂ ಧಾರಾಳ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದು ಹೃದಯದ ಬಡಿತಕ್ಕೇ ಕುತ್ತು ತಂದೀತು. ಹಾಗಾಗಿ ಹಾಸಿಗೆಯ ಪಕ್ಕ ಇಡುವ ಮುನ್ನ ಸಿಸ್ಟರನ್ನು ಕೇಳಿ.

ಇನ್ನೊಂದು ಮಾತು. ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಆ ಬಾವು ಬರುವುದು ಸಣ್ಣ ರಕ್ತನಾಳಗಳು ಸಡಿಲಗೊಂಡು ನೀರು ಜಿನುಗುವುದರಿಂದ. ಪಕ್ಕದ ಮನೆಯವರ ಲ್ಯಾಸಿಕ್ಸ್ ತಂದು ನುಂಗಿದರೆ ಅದು ಹೋಗುವುದಿಲ್ಲ, ಬೇರೆ ತೊಂದರೆ ಅಂಟಿಕೊಳ್ಳುತ್ತದೆ.

ಚೀಟಿ ನೋಡಿ "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. "ಯಾವ ದಿನ ಯಾವ ಮಾತ್ರೆ ಬಿಡ್ತೀರಮ್ಮಾ?" ಎಂದು ಕೇಳಿದಾಗ ಬಸ್ಸಿನ ಸಂಗತಿ ಹೊರಬರುತ್ತದೆ. ಪ್ರಯಾಣದ ದಿನ ಮಾತ್ರೆಯನ್ನು ಊರು ಮುಟ್ಟಿದ ಮೇಲೆ, ಮಧ್ಯಾಹ್ನದೊಳಗೆ ನುಂಗಲು ಅನೇಕರಿಗೆ ಡಾಕ್ಟರು ಒಪ್ಪುತ್ತಾರೆ. ಪೂರ್ತಿ ಬಿಡಬೇಕಾಗಿಯೇ ಇಲ್ಲ.